ಹಳೆಯ ಬೈಕಿನ ಎಫ್‌ಸಿ ಇಷ್ಟು ಗೋಜಲಾದದ್ದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ, ಗದಗ-ಹಾವೇರಿಯ ಊರುಗಳಲ್ಲಿ ಅಜ್ಜನ ಕಾಲದ ಜಾವಾ, ಅಪ್ಪನ ಬುಲೆಟ್ ಇಟ್ಟುಕೊಂಡವರು ಕಡಿಮೆಯೇನಿಲ್ಲ. ಅವರಲ್ಲಿ ಬಹಳ ಜನರನ್ನು ಒಂದೇ ಭಯ ಕಾಡುತ್ತಿದೆ: ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೆ ಹೋಗಲೇಬೇಕೇ? ಬೇಕಿಲ್ಲ. ಪೆಟ್ರೋಲ್ ವಾಹನಕ್ಕೆ ಹದಿನೈದು ವರ್ಷದ ಗಡಿ ಹಾಕಿದ ಆದೇಶ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದ್ದು. ನಮ್ಮಲ್ಲಿ ನಡೆಯುವುದು ತಪಾಸಣೆ ಮತ್ತು ನವೀಕರಣ.

1914, 1939, 1988ರ ಮೂರು ಮೋಟಾರು ವಾಹನ ಕಾಯ್ದೆಗಳನ್ನು ದಾಟಿ ಬಂದ ನಿಯಮ ಇಂದು ಹೀಗಿದೆ: ಸ್ವಂತ ಬಳಕೆಯ ವಾಹನದ ನೋಂದಣಿಗೆ ಹದಿನೈದು ವರ್ಷದ ಆಯುಷ್ಯ, ಆಮೇಲೆ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಜನ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎನ್ನುವುದು ಇದನ್ನೇ.

ಗೋಜಲು ಶುರುವಾಗುವುದು ದಫ್ತರದಲ್ಲಿ. ಈ ಭಾಗ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದ್ದು 1961ರಲ್ಲಿ. ಆ ದಶಕದಲ್ಲಿ ರಾಣೆಬೆನ್ನೂರಿನಲ್ಲೋ ರೋಣದಲ್ಲೋ ಒಬ್ಬರು ಜಾವಾ ಕೊಂಡಿದ್ದರೆ ಅದರ ಮೊದಲ ನಮೂದು ಅವಿಭಜಿತ ಧಾರವಾಡ ಜಿಲ್ಲೆಯ ಕೈಬರಹದ ರಿಜಿಸ್ಟರಿನಲ್ಲಿರುತ್ತದೆ. ಇಂದು ಅದೇ ಪ್ರದೇಶದಲ್ಲಿ ಕೆಎ 25, 26, 27, 63, 68 ಎಂಬ ಐದು ನೋಂದಣಿ ಸಂಕೇತಗಳಿವೆ. ಹಳೆಯ ನಮೂದು ಸಾರಿಗೆ ಕಚೇರಿಗಳ ನೋಂದಣಿ ದಾಖಲೆಯಿರುವ ‘ವಾಹನ್’ ತಂತ್ರಾಂಶಕ್ಕೆ ಏರದಿದ್ದರೆ ಆನ್‌ಲೈನ್ ಅರ್ಜಿ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಕಂಪ್ಯೂಟರಿಗೆ ಆ ಗಾಡಿ ಇಲ್ಲವೇ ಇಲ್ಲ. ಕಾಗದವನ್ನು ಜೋಪಾನ ಮಾಡುವ ಹೊಣೆಯೆಲ್ಲ ಮಾಲೀಕನ ತಲೆಗೆ ಬಂದದ್ದು ನ್ಯಾಯವಲ್ಲ.

ಆ ಬಾಗಿಲು ದಾಟಿದವರಿಗೆ ತಪಾಸಣೆ ಅಷ್ಟು ಕಠಿಣವಲ್ಲ. ಅದು ಬೇಕೇ ಬೇಕು. ಚಾಸಿ ಮತ್ತು ಎಂಜಿನ್ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ (ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಆರ್‌ಸಿ ಪುಸ್ತಕಕ್ಕೆ ಹೊಂದಬೇಕು. ಹಾರ್ನ್, ಕನ್ನಡಿ, ಸ್ಪೀಡೋಮೀಟರ್, ಸೈಲೆನ್ಸರ್ ಸರಿಯಿರಬೇಕು. ಹಿಂಬದಿ ಸವಾರರಿಗೆ ಹಿಡಿಕೆ, ಕಾಲೂರಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಗಾರ್ಡ್ ಇರಬೇಕು. ಜಾವಾದಲ್ಲಿ ತೊಡಕಾಗುವುದು ಎರಡು ಕಡೆ. ಒಂದು, ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆ: ಬ್ಯಾಟರಿ ಸೋತಿದ್ದರೆ ಎಂಜಿನ್ ನಿಧಾನವಾಗಿ ಓಡುವಾಗ ಹೆಡ್‌ಲೈಟ್ ಮಂಕಾಗುತ್ತದೆ. ಇನ್ನೊಂದು ಹೊಗೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ಮಿತಿಯಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿಗೂ ಇದು ಎಟುಕದ ಮಿತಿಯಲ್ಲ. ಆಯಿಲ್ ಅಳತೆ ಮೀರದಂತೆ ನೋಡಿಕೊಂಡು, ಸೈಲೆನ್ಸರಿನೊಳಗಿನ ಮಸಿ ತೆಗೆಸಿ, ಕಾರ್ಬ್ಯುರೇಟರ್ ಹೊಂದಿಸಿ, ಎಂಜಿನ್ ಬಿಸಿಯಾದ ಮೇಲೆ ಪರೀಕ್ಷೆಗೆ ಒಯ್ಯಬೇಕು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಉಳಿದಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ, ದುರಸ್ತಿಗಳಿಗೆ ಮಾತ್ರ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕಿಲ್ಲ. ಸಂಗ್ರಹಕಾರರಿಗೆ ಇದು ಒಳ್ಳೆಯ ನಿಯಮ. ಬೆಳಿಗ್ಗೆ ಅದೇ ಗಾಡಿಯಲ್ಲಿ ಹೊಲಕ್ಕೆ, ಸಂಜೆ ಸಂತೆಗೆ ಹೋಗುವವರಿಗೆ ಇದರಿಂದ ಪ್ರಯೋಜನವಿಲ್ಲ. ಅವರು ಐದು ವರ್ಷದ ನವೀಕರಣದಲ್ಲೇ ಉಳಿಯಬೇಕು. ಅದರ ಶುಲ್ಕವೋ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1,000 ಆಯಿತು; 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಬೈಕುಗಳಿಗೆ 2,000ಕ್ಕೆ ಏರಿತು. ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ ಬೇರೆ.

ಇನ್ನೂ ಬಿಡಿಸದ ಗಂಟು ಎಂಜಿನ್ನಿನದು. ಎಂಜಿನ್ ಸಂಖ್ಯೆ ಕೊರೆದಿರುವ ಹೊರಕವಚ, ಅಂದರೆ ಕ್ರ್ಯಾಂಕ್‌ಕೇಸ್, ಒಡೆದು ಬದಲಿಸಿದಾಗ, ಬುಲೆಟ್‌ಗೆ ಡೀಸೆಲ್ ಎಂಜಿನ್ ಕೂರಿಸಿದಾಗ ಆರ್‌ಸಿಯಲ್ಲಿ ಬರೆಸಬೇಕೆಂದು ಆ ಕಾಲದಲ್ಲಿ ಎಷ್ಟೋ ಮಂದಿಗೆ ಹೊಳೆದಿರಲಿಲ್ಲ. ಈಗ ಪೆನ್ಸಿಲ್ ಪ್ರಿಂಟಿನಲ್ಲಿ ಅದು ಬಯಲಾಗುತ್ತದೆ. ಹಾಗಾಗಿ ಗ್ಯಾರೇಜಿಗೆ ಹಣ ಸುರಿಯುವ ಮೊದಲು ಸಾರಿಗೆ ಕಚೇರಿಯಿಂದ ಹಳೆಯ ರಿಜಿಸ್ಟರಿನ ನಕಲು ಪಡೆದು, ಎರಡೂ ಸಂಖ್ಯೆಗಳನ್ನು ಗಾಡಿಯ ಮೇಲಿರುವುದರೊಂದಿಗೆ ತಾಳೆ ನೋಡಬೇಕು.