ಕಾಫಿ ಹಣ್ಣಿನ ಫೋಟೋ ಇದೆ, ಕಥೆ ಎಲ್ಲಿ? ಫೋಟೋ ಸ್ಟೋರಿ ಬಗ್ಗೆ ನನ್ನ ನೋಟ್ಸ್

ಜರ್ನಲಿಸಂ ಇಂಟರ್ನಲ್ಸ್‌ಗೆ (ಕಾಲೇಜಿನ ಒಳಗಿನ ಪರೀಕ್ಷೆ) ಫೋಟೋ ಸ್ಟೋರಿ, ಅಂದ್ರೆ ಹಲವು ಫೋಟೋ ಸೇರಿಸಿ ಹೇಳೋ ಒಂದು ಕಥೆ, ಮಾಡ್ಕೊಂಡು ಬನ್ನಿ ಅಂದಾಗ ನಮ್ಮ ಕ್ಲಾಸಲ್ಲಿ ತುಂಬಾ ಜನ ತಂದಿದ್ದು ಒಂದೋ ಕೆಂಪಗೆ ಹಣ್ಣಾದ ಕಾಫಿ, ಇಲ್ಲಾಂದ್ರೆ ಹಾಸನದ ಹತ್ರ ಇರೋ ಶೆಟ್ಟಿಹಳ್ಳಿಯ ಪಾಳು ಚರ್ಚು. ಫೋಟೋ ಎಲ್ಲಾ ಚೆನ್ನಾಗೇ ಇದ್ವು, ಆದ್ರೆ ಹತ್ತು ಫೋಟೋ ಸಾಲಾಗಿ ನೋಡಿದ್ರೂ ಯಾರ ಬದುಕಲ್ಲಿ ಏನಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ. ಆ ಚರ್ಚನ್ನೇ ತಗೊಳ್ಳಿ, ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿದ್ರೆ ಅರ್ಧ ಮುಳುಗುತ್ತೆ, ಅದನ್ನ ಎಲ್ರೂ ತೆಗೀತಾರೆ, ಆ ನದಿಗೆ ಗೊರೂರು ಡ್ಯಾಂ ಕಟ್ಟಿದಾಗ ಮನೆ ಜಮೀನು ಬಿಟ್ಟು ಎದ್ದು ಹೋದವರು ಈಗ ಎಲ್ಲಿದ್ದಾರೆ ಅಂತ ಹುಡುಕ್ಕೊಂಡು ಹೋದವರು ನಮ್ಮಲ್ಲಿ ಒಬ್ರೂ ಇರ್ಲಿಲ್ಲ. ಕಥೆ ಇರೋದು ಅವರ ಹತ್ರ.

ಹಾಗಾಗಿ ಮೊದಲು ವಿಷಯ ಅಲ್ಲ, ಒಬ್ಬ ಮನುಷ್ಯನನ್ನ ಹಿಡ್ಕೊಳ್ಳಿ. ಇದಕ್ಕೆ ಎಲ್ಲಾ ಕಡೆ ಕೊಡೋ ಉದಾಹರಣೆ ಫೋಟೋಗ್ರಾಫರ್ ಯೂಜೀನ್ ಸ್ಮಿತ್ 1948ರಲ್ಲಿ ಲೈಫ್ ಪತ್ರಿಕೆಗೆ ಮಾಡಿದ 'ಕಂಟ್ರಿ ಡಾಕ್ಟರ್'. ಅಮೆರಿಕದ ಕೊಲರಾಡೋದಲ್ಲಿ ಒಂದು ಸಣ್ಣ ಊರು, ಅಲ್ಲಿಗೆಲ್ಲಾ ಒಬ್ಬರೇ ಡಾಕ್ಟರು, ಸ್ಮಿತ್ ಆ ಡಾಕ್ಟರ ಹಿಂದೆ 23 ದಿನ ಓಡಾಡಿದ. ಹಳ್ಳಿ ಆರೋಗ್ಯ ಅನ್ನೋ ಅಷ್ಟು ದೊಡ್ಡ ವಿಷಯ ಒಬ್ಬ ಮನುಷ್ಯನ ಸುಸ್ತಾದ ಮುಖದಲ್ಲಿ ಬಂತು. ನಮ್ಮವರೇ ಬೇಕು ಅಂದ್ರೆ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009), ಜೀವನಪೂರ್ತಿ ಸಾಮಾನ್ಯ ಜನರನ್ನ, ಮಕ್ಕಳನ್ನ ತೆಗೆದವರು, 1977ರಲ್ಲಿ ಪದ್ಮಶ್ರೀ ಬಂತು. ಎಕ್ಸಾಮಲ್ಲಿ ಹೊರಗಿನ ಹೆಸರುಗಳ ಜೊತೆ ಇವರನ್ನೂ ಬರೀರಿ, ನನಗಂತೂ ಇವರ ಫೋಟೋ ನೋಡಿದ ಮೇಲೇ ಇದು ನಮ್ಮ ಊರಲ್ಲೂ ಆಗೋ ಕೆಲಸ ಅಂತ ಧೈರ್ಯ ಬಂದಿದ್ದು.

ಈಗ ಕಾಫಿಗೆ ಬರೋಣ. ನಾನು ಮೂಡಿಗೆರೆ ಕಡೆ ಒಂದು ತೋಟದಲ್ಲಿ ಹಣ್ಣು ಕುಯ್ಯೋ ಒಬ್ಬ ಅಕ್ಕನ ಒಂದು ದಿನ ಅಂತ ಇಟ್ಕೊಂಡೆ. ಬೆಳಿಗ್ಗೆ ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲು ಮನೆ) ಹೊರಡೋದು, ತೋಟದ ಒಳಗೆ ಸಾಲಾಗಿ ನಿಲ್ಲೋದು, ರೆಕ್ಕೆ (ಕಾಫಿ ಗಿಡದ ಕೊಂಬೆ) ಬಗ್ಗಿಸಿ ಹಣ್ಣು ಬಿಡಿಸೋ ಕೈ, ಮಧ್ಯಾಹ್ನದ ಬುತ್ತಿ, ಸಾಯಂಕಾಲ ತೂಕ, ಆಮೇಲೆ ವಾಪಸ್ ದಾರಿ. ಹೀಗೆ ಮೊದಲೇ ಒಂದು ಪಟ್ಟಿ ಬರ್ಕೊಂಡು ಹೋದ್ರೆ ದೂರದ ಶಾಟು, ಮಧ್ಯದ್ದು, ತೀರಾ ಹತ್ತಿರದ್ದು, ಮುಖ, ಜನ ಜನರ ನಡುವಿನ ಮಾತುಕತೆ ಎಲ್ಲಾ ತಾನಾಗೇ ಸಿಗುತ್ತೆ. ವಿಡಿಯೋಗೂ ಅದೇ: ಕೈ, ಮುಖ, ಇಡೀ ಜಾಗ, ಭುಜದ ಹಿಂದಿನಿಂದ, ಆಮೇಲೆ ಯಾರೂ ನೋಡಿರದ ಒಂದು ಕೋನ, ಈ ಐದನ್ನ ತೆಗೆದಿದ್ರೆ ಎಡಿಟಿಂಗಲ್ಲಿ ಪರದಾಡೋದು ಇರಲ್ಲ.

ಆದ್ರೆ ಇಡೀ ಕಥೆಯ ಜೀವ ಇರೋದು ತೂಕದ ಹೊತ್ತಲ್ಲಿ. ಆ ತೋಟದಲ್ಲಿ ಕೂಲಿ ಕೆಜಿ ಲೆಕ್ಕ, ದಿನವೆಲ್ಲಾ ಬೆನ್ನು ಬಗ್ಗಿಸಿದ್ದು ಒಂದು ನಂಬರಾಗಿ ರೈಟರ್ (ತೋಟದ ಲೆಕ್ಕ ಬರೆಯೋರು) ಪುಸ್ತಕಕ್ಕೆ ಹೋಗುತ್ತೆ. ಚೀಲ ತಕ್ಕಡಿಗೆ ಹತ್ತಿದ ಕೂಡ್ಲೇ ಆ ಅಕ್ಕನ ಕಣ್ಣು ತಕ್ಕಡಿ ಮುಳ್ಳಿನ ಮೇಲೆ ಹೋಗುತ್ತೆ, ಅರ್ಧ ಸೆಕೆಂಡು ಅಷ್ಟೇ. ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸಾನ್ ಹೆಸರಿನ ಜೊತೆ ಬರೋ 'ನಿರ್ಣಾಯಕ ಕ್ಷಣ' (ಇಡೀ ಕಥೆ ಒಂದೇ ಫೋಟೋದಲ್ಲಿ ಸಿಗೋ ಗಳಿಗೆ) ಅನ್ನೋದು ನನಗೆ ಪುಸ್ತಕದಲ್ಲಿ ಅರ್ಥ ಆಗಿರ್ಲಿಲ್ಲ, ಅಲ್ಲಿ ಆಯ್ತು. ಕ್ಷಣ ಬರುತ್ತೆ ಅಂತ ಗೊತ್ತಿದ್ರೆ ಮೊದಲೇ ಜಾಗ ಹಿಡ್ಕೊಂಡು ನಿಂತಿರಬಹುದು. ಬೆಳಕಿನ ವಿಷಯ ಮರೀಬೇಡಿ, ತೋಟದ ಸಿಲ್ವರ್ ಓಕ್ ಮರದ ನೆರಳಲ್ಲಿ ಐದು ಗಂಟೆಗೇ ಕತ್ತಲು ಕವಿಯುತ್ತೆ, ಐಎಸ್‌ಒ (ಕಡಿಮೆ ಬೆಳಕಲ್ಲೂ ಫೋಟೋ ಬರೋ ಹಾಗೆ ಮಾಡೋ ಕ್ಯಾಮೆರಾ ಸೆಟ್ಟಿಂಗ್) ಏರಿಸಿ, ಸ್ವಲ್ಪ ಗ್ರೇನ್ (ಫೋಟೋದಲ್ಲಿ ಕಾಳು ಕಾಳು) ಬಂದ್ರೆ ಬರ್ಲಿ, ಫೋಟೋ ಅಲುಗಾಡಿದ್ರೆ ಮಾತ್ರ ಏನೂ ಮಾಡಕ್ಕಾಗಲ್ಲ. ಫ್ಲ್ಯಾಶ್ ಹಾಕಿದ್ರೆ ಎಲ್ರೂ ನಿಮ್ಮ ಕಡೆ ತಿರುಗ್ತಾರೆ, ಆ ನೋಟ ಹೋಯ್ತು. ಒಂದ್ಸಲ ತಪ್ಪಿದ್ರೆ ಚೀಲ ಮತ್ತೆ ಎತ್ತಿ ಇಡಿ ಅಕ್ಕಾ ಅಂತ ಹೇಳಂಗಿಲ್ಲ, ಅದು ನಾಟಕ ಆಗುತ್ತೆ, ಸುದ್ದಿ ಆಗಲ್ಲ. ನಾಳೆ ಮತ್ತೆ ಹೋಗಿ.

ಪರ್ಮಿಷನ್ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ತೋಟದ ಮಾಲೀಕರು ಹೂಂ ಅಂದ್ರು ಅಂದ್ರೆ ತೋಟದ ಒಳಗೆ ಬರಬಹುದು ಅಂತ ಅಷ್ಟೇ, ಕೆಲಸದವರ ಮುಖ ತೆಗೀಬಹುದು ಅಂತ ಅಲ್ಲ. ಅವರನ್ನ ಬೇರೆಯಾಗಿ, ಸಾಹುಕಾರರು ಪಕ್ಕದಲ್ಲಿ ಇಲ್ಲದಾಗ ಕೇಳಬೇಕು, ಯಾಕಂದ್ರೆ ಎದುರಿಗಿದ್ರೆ ಬೇಡ ಅನ್ನೋಕೆ ಅವರಿಗೆ ಆಗಲ್ಲ. ಅಸ್ಸಾಂ ಕಡೆಯಿಂದ ಬಂದವರೂ ಇರ್ತಾರೆ, ಭಾಷೆ ಬರಲ್ಲ ಅಂತ ಸನ್ನೆಯಲ್ಲಿ ಕೇಳಿ ಮುಗಿಸಬೇಡಿ, ಮಾತು ಬಲ್ಲವರನ್ನ ಕರ್ಕೊಂಡು ಬನ್ನಿ. ಲೈಂಗಿಕ ದೌರ್ಜನ್ಯದ ಕೇಸಲ್ಲಂತೂ ಮಗುವಿನ ಗುರುತು ತೋರಿಸೋದು ಪೋಕ್ಸೋ (ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ) ಕಾಯ್ದೆ ಪ್ರಕಾರ ಅಪರಾಧ, ಮನೆ, ಶಾಲೆ ತೋರಿಸಿದ್ರೂ ಗುರುತು ಸಿಕ್ಕಂಗೇ.

ಸೌಂಡು. ನಾನು ಆ ಅಕ್ಕನ ಮಾತನ್ನ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್ನು) ಓಡ್ತಿದ್ದ ಜಾಗದಲ್ಲೇ ರೆಕಾರ್ಡ್ ಮಾಡಿ ಹದಿನೈದು ನಿಮಿಷದ ಮಾತು ಕಳ್ಕೊಂಡೆ, ಅವರು ಮಗಳ ಓದಿನ ಬಗ್ಗೆ ಹೇಳಿದ್ದು ಅದರಲ್ಲೇ ಇತ್ತು, ಎರಡನೇ ಸಲ ಕೇಳಿದಾಗ ಆ ಮಾತು ಹಾಗೆ ಬರ್ಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡೇ ರೆಕಾರ್ಡ್ ಮಾಡಿ, ಮಾತು ಮುಗಿದ ಮೇಲೆ ಅದೇ ಜಾಗದ ಬರೀ ಸದ್ದನ್ನ ಒಂದು ಮೂವತ್ತು ಸೆಕೆಂಡು ತಗೊಳ್ಳಿ, ಕಟ್ ಮಾಡಿದ ಕಡೆ ತುಂಬೋಕೆ ಬೇಕಾಗುತ್ತೆ. ಹಣ್ಣು ಬಕೆಟ್‌ಗೆ ಉದುರೋ ಸದ್ದು ಇದ್ರೆ ಹಿನ್ನೆಲೆಗೆ ಮ್ಯೂಸಿಕ್ಕೇ ಬೇಡ.

ಕ್ಯಾಪ್ಷನ್ನು ರಾತ್ರಿ ಕೂತು ನೆನಪಿಂದ ಬರೆಯೋದಲ್ಲ, ಹೆಸರು, ಜಾಗ, ತಾರೀಖು, ಏನಾಗ್ತಿದೆ ಅನ್ನೋದನ್ನ ಅಲ್ಲೇ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಸಕಲೇಶಪುರ, ಆಲೂರು ಕಡೆ ಆನೆ ಬಂತು ಅಂದ್ರೆ ಯಾವತ್ತಿಂದೋ ವಿಡಿಯೋ ಇವತ್ತಿಂದು ಅಂತ ಓಡಾಡುತ್ತೆ, ಜನ ಹೆದರಿ ಮಕ್ಕಳನ್ನ ಸ್ಕೂಲಿಗೆ ಕಳಿಸಲ್ಲ, ತಾರೀಖು ಇಲ್ಲದ ಚಿತ್ರ ಏನು ಮಾಡುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ. ಫೋಟೋ ಕಳಿಸುವಾಗ ವಾಟ್ಸಾಪಲ್ಲಿ ಫೋಟೋ ಅಂತ ಹಾಕಿದ್ರೆ ಸೈಜು ಕುಗ್ಗುತ್ತೆ, ತೆಗೆದ ಟೈಮಿನ ಮಾಹಿತಿನೂ ಅಳಿಸಿ ಹೋಗುತ್ತೆ, ಅದಕ್ಕೆ ಡಾಕ್ಯುಮೆಂಟ್ ಅಂತ ಕಳಿಸಿ, ಒರಿಜಿನಲ್ ಫೈಲು ಮಾತ್ರ ಮುಟ್ಟದೆ ಬೇರೆ ಫೋಲ್ಡರಲ್ಲಿ ಇಟ್ಟಿರಿ.