ಸ್ಟಾಪ್ ಹುಡುಕುವ ಬಾಕ್ಸ್‌ಗೆ ಯೂನಿಟ್ ಟೆಸ್ಟ್: ಟೈಮರ್ ಓಡಿತು, ಪಟ್ಟಿ ಬರಲಿಲ್ಲ

ಯೂನಿಟ್ ಟೆಸ್ಟ್ ಅಂದರೆ ಕೋಡ್‌ನ ಒಂದು ತುಣುಕನ್ನು ಮಾತ್ರ ಪರೀಕ್ಷಿಸುವ ಪುಟ್ಟ ಕೋಡ್; ಪಾಸಾದರೆ ಹಸಿರು, ಸೋತರೆ ಕೆಂಪು. ಉದಾಹರಣೆಗೆ ಒಂದೇ ಬಾಕ್ಸ್ ಇಟ್ಟುಕೊಳ್ಳೋಣ, ಬಿಎಂಟಿಸಿ ಸ್ಟಾಪ್ ಹುಡುಕುವುದು. 'ಜಯ' ಅಂತ ಟೈಪ್ ಮಾಡಿದರೆ ಜಯನಗರ, ಜಯಮಹಲ್ ಎರಡೂ ಬರಬೇಕು. 'ಜಯನ' ಅಂದರೆ ಜಯನಗರ ಮಾತ್ರ. ಟೈಪಿಂಗ್ ನಿಂತು 300 ಮಿಲಿಸೆಕೆಂಡ್ ಆದ ಮೇಲೆ ಫೆಚ್ (ಸರ್ವರ್‌ನಿಂದ ಡೇಟಾ ತರುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಹೋಗುತ್ತದೆ. ಟೆಸ್ಟ್ ಓಡಿಸುವ ಜೆಸ್ಟ್, ಬ್ರೌಸರ್ ಇಲ್ಲದೆಯೇ ಪುಟವನ್ನು ಅನುಕರಿಸುವ ಜೆಎಸ್‌ಡಾಮ್ ಹಾಕಿಕೊಳ್ಳುವುದು ಗೊತ್ತಿದೆ ಅಂದುಕೊಂಡು ಮುಂದಕ್ಕೆ ಹೋಗುತ್ತೇನೆ.

ನಕಲಿ ಫೆಚ್

ಜೆಎಸ್‌ಡಾಮ್‌ನಲ್ಲಿ ಫೆಚ್ ಇಲ್ಲ. ಹಾಗಾಗಿ ಅದರ ಜಾಗಕ್ಕೆ ಜೆಸ್ಟ್‌ನ ಮಾಕ್ ಫಂಕ್ಷನ್ (ನಾವು ಹೇಳಿಕೊಟ್ಟ ಉತ್ತರ ಕೊಡುವ ನಕಲಿ) ಕೂರಿಸುತ್ತೇವೆ. ಸರ್ವರ್‌ನಿಂದ 404, 500ರಂಥ ತಪ್ಪಿನ ಸಂಕೇತ ಬಂದರೂ ನಿಜವಾದ ಫೆಚ್ ಕೊಡುವ ಪ್ರಾಮಿಸ್ (ಉತ್ತರ ಆಮೇಲೆ ಬರುತ್ತದೆ ಎನ್ನುವ ಭರವಸೆ) ರಿಜೆಕ್ಟ್ ಆಗುವುದಿಲ್ಲ, ಅಂದರೆ ಸೋಲುವುದಿಲ್ಲ, ಉತ್ತರದ 'ಓಕೆ' ಫಾಲ್ಸ್ ಆಗಿರುತ್ತದೆ ಅಷ್ಟೇ. ರಿಜೆಕ್ಟ್ ಆಗುವುದು ನೆಟ್‌ವರ್ಕೇ ಕೈಕೊಟ್ಟಾಗ. ಆದ್ದರಿಂದ ಇವೆರಡಕ್ಕೂ ಬೇರೆ ಬೇರೆ ಟೆಸ್ಟ್ ಬೇಕು.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಮಾತು. ಯುಆರ್‌ಎಲ್ ಒಳಗೆ 'ಜಯ' ಹಾಗೇ ಉಳಿಯುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಈ ಎರಡು ಅಕ್ಷರ 6 ಬೈಟ್, ಎನ್‌ಕೋಡ್ ಆದ ಮೇಲೆ ಶೇಕಡಾ ಚಿಹ್ನೆಗಳೂ ಸೇರಿ 18 ಅಕ್ಷರ. ಇಡೀ ಯುಆರ್‌ಎಲ್ ಅನ್ನು ಸ್ಟ್ರಿಂಗ್ ಆಗಿ ಹೋಲಿಸಿದರೆ ಟೆಸ್ಟ್ ಸುಮ್ಮನೆ ಕೆಂಪಾಗುತ್ತದೆ. ಯುಆರ್‌ಎಲ್‌ನ ಪ್ರಶ್ನೆಯ ಭಾಗವನ್ನು ಬಿಡಿಸಿ ಕೊಡುವ ಸರ್ಚ್ ಪ್ಯಾರಾಮ್ಸ್‌ನಿಂದ ಪದವನ್ನು ಹೊರತೆಗೆದು ಹೋಲಿಸಿ.

ಎಲ್ಲರೂ ಎಡವುವ ಜಾಗ

300 ಮಿಲಿಸೆಕೆಂಡ್ ನಿಜವಾಗಿ ಕಾಯುವುದು ಬೇಡ ಅಂತ ಫೇಕ್ ಟೈಮರ್ (ನಾವೇ ತಿರುಗಿಸುವ ನಕಲಿ ಗಡಿಯಾರ) ಹಾಕುತ್ತೇವೆ. 'ಜಯ' ಟೈಪ್ ಮಾಡಿ, ಆ ಗಡಿಯಾರವನ್ನು ಮುಂದೆ ತಳ್ಳುವ 'ಅಡ್ವಾನ್ಸ್ ಟೈಮರ್ಸ್ ಬೈ ಟೈಮ್' ಫಂಕ್ಷನ್‌ಗೆ 300 ಕೊಡುತ್ತೇವೆ. ಫೆಚ್ ಒಮ್ಮೆ ಕರೆಯಲ್ಪಟ್ಟಿತೇ? ಹೌದು, ಹಸಿರು. ಪಟ್ಟಿಯಲ್ಲಿ ಎರಡು ಸ್ಟಾಪ್ ಇವೆಯೇ? ಇಲ್ಲ, ಸೊನ್ನೆ.

ಇದನ್ನು ನಿಧಾನವಾಗಿ ಬಿಡಿಸೋಣ. ಗಡಿಯಾರ ಮುಂದೆ ಹೋದ ಕೂಡಲೇ ಟೈಮರ್‌ನ ಕಾಲ್‌ಬ್ಯಾಕ್ (ಸಮಯ ಆದಾಗ ಓಡುವ ಫಂಕ್ಷನ್) ಓಡುತ್ತದೆ, ಫೆಚ್ ಕರೆಯುತ್ತದೆ, ಮೊದಲ ಅವೇಟ್‌ನಲ್ಲಿ, ಅಂದರೆ ಪ್ರಾಮಿಸ್‌ನ ಉತ್ತರಕ್ಕೆ ಕಾಯುವ ಜಾಗದಲ್ಲಿ, ನಿಲ್ಲುತ್ತದೆ. ಫೆಚ್ ಕರೆ ಆಗಿಹೋಗಿರುವುದರಿಂದಲೇ ಮೊದಲ ಪ್ರಶ್ನೆಗೆ ಹಸಿರು ಬಂದದ್ದು. ಉತ್ತರ ಓದಿ ಪಟ್ಟಿ ತುಂಬುವ ಉಳಿದ ಕೆಲಸ ಮೈಕ್ರೋಟಾಸ್ಕ್ ಸಾಲಿನಲ್ಲಿ (ಪ್ರಾಮಿಸ್‌ಗಳ ಮುಂದಿನ ಕೆಲಸಗಳ ಸರದಿಯಲ್ಲಿ) ಕಾಯುತ್ತಿರುತ್ತದೆ. ಆ ಸಾಲು ಕದಲಬೇಕಾದರೆ ಟೆಸ್ಟ್ ಫಂಕ್ಷನ್ ಒಮ್ಮೆ ಜಾಗ ಬಿಡಬೇಕು, ಅಂದರೆ ಅದರಲ್ಲೂ ಒಂದು ಅವೇಟ್ ಬೇಕು. ಫೇಕ್ ಟೈಮರ್ ಗಡಿಯಾರವನ್ನು ತಿರುಗಿಸುತ್ತದೆಯೇ ಹೊರತು ಪ್ರಾಮಿಸ್‌ಗಳನ್ನಲ್ಲ. 300ರ ಬದಲು 3000 ಕೊಟ್ಟರೂ ಪಟ್ಟಿ ಖಾಲಿಯೇ.

ಇಲ್ಲಿ ಹಲವರು ಖಾಲಿ ಪ್ರಾಮಿಸ್ ಒಂದನ್ನು ಅವೇಟ್ ಮಾಡಿ ನೋಡುತ್ತಾರೆ. ಅದು ಒಂದು ಹೆಜ್ಜೆ ಮುಂದೆ ತಳ್ಳುತ್ತದೆ. ಆದರೆ ಕೋಡ್‌ನಲ್ಲಿ ಎರಡು ಅವೇಟ್ ಇವೆ, ಫೆಚ್‌ಗೆ ಒಂದು, ಉತ್ತರದಲ್ಲಿರುವ ಜೇಸನ್ (ಡೇಟಾ ಬರೆಯುವ ಒಂದು ರೂಪ) ಓದುವುದಕ್ಕೆ ಇನ್ನೊಂದು. ಸರಿ, ಎರಡು ಸಲ ಹಾಕಿದಿರಿ ಅನ್ನಿ. ನಾಳೆ ಯಾರೋ ಮಧ್ಯೆ ಇನ್ನೊಂದು ಅವೇಟ್ ಸೇರಿಸಿದರೆ ಟೆಸ್ಟ್ ಮತ್ತೆ ಮುರಿಯುತ್ತದೆ. ಹೆಜ್ಜೆ ಎಣಿಸುವ ಕೆಲಸವೇ ಬೇಡ. ಜೆಸ್ಟ್ 29.5ರಿಂದ 'ಅಡ್ವಾನ್ಸ್ ಟೈಮರ್ಸ್ ಬೈ ಟೈಮ್' ಫಂಕ್ಷನ್‌ಗೆ ಹೆಸರಿನ ಕೊನೆಯಲ್ಲಿ 'ಅಸಿಂಕ್' ಸೇರಿದ ಜೋಡಿ ಇದೆ. ಅದನ್ನು ಅವೇಟ್ ಮಾಡಿದರೆ ಗಡಿಯಾರ ತಿರುಗುವುದರ ಜೊತೆಗೆ ಕಾದು ಕುಳಿತ ಪ್ರಾಮಿಸ್‌ಗಳಿಗೂ ಸರದಿ ಸಿಗುತ್ತದೆ. ಆ ಅವೇಟ್ ಬರೆಯಲು ಮರೆತರೆ ಕಥೆ ಮತ್ತೆ ಮೊದಲಿನಿಂದ.

ಆಮೇಲೆ ಹೊರಟ ಬಸ್ಸು ಮೊದಲು ಬಂದರೆ

ಬನಶಂಕರಿಯಿಂದ ಆಮೇಲೆ ಹೊರಟ ಬಸ್ಸು ಮೊದಲು ಹೊರಟದ್ದಕ್ಕಿಂತ ಮುಂಚೆ ಮೆಜೆಸ್ಟಿಕ್ ಸೇರುವುದುಂಟಲ್ಲ, ಉತ್ತರಗಳೂ ಹಾಗೆಯೇ. 'ಜಯನ'ದ ಉತ್ತರ ಮೊದಲು ಬಂತು, 'ಜಯ'ದ್ದು ತಡವಾಗಿ ಬಂದು ಪಟ್ಟಿಯನ್ನು ಅಳಿಸಿ ಬರೆಯಿತು. ಕೇಳದೇ ಇದ್ದ ಜಯಮಹಲ್ ವಾಪಸ್ ಬಂದು ಕೂತಿತು.

ಟೆಸ್ಟ್‌ನಲ್ಲಿ ಇದನ್ನು ಹಿಡಿಯಲು ಎರಡು ಪ್ರಾಮಿಸ್ ಮಾಡಿ, ಅವುಗಳ ರಿಸಾಲ್ವ್ ಫಂಕ್ಷನ್‌ಗಳನ್ನು (ಉತ್ತರ ಕೊಟ್ಟು ಪ್ರಾಮಿಸ್ ಪೂರೈಸುವವು) ಕೈಯಲ್ಲಿಟ್ಟುಕೊಳ್ಳಿ. ಮಾಕ್ ಮೊದಲ ಕರೆಗೆ ಒಂದನ್ನು, ಎರಡನೆಯ ಕರೆಗೆ ಇನ್ನೊಂದನ್ನು ಕೊಡಲಿ. 'ಜಯ' ಟೈಪ್ ಮಾಡಿ 300 ಓಡಿಸಿ, 'ಜಯನ' ಮಾಡಿ ಮತ್ತೆ 300. ಈಗ ಎರಡನೆಯದನ್ನು ಮೊದಲು ರಿಸಾಲ್ವ್ ಮಾಡಿ, ಮೊದಲನೆಯದನ್ನು ಆಮೇಲೆ. 'ಜಯಮಹಲ್ ಇಲ್ಲ' ಅಂತ ಪರೀಕ್ಷಿಸುವ ಮುಂಚೆ ಆ ಅಸಿಂಕ್ ಫಂಕ್ಷನ್‌ಗೆ 0 ಕೊಟ್ಟು ಒಮ್ಮೆ ಅವೇಟ್ ಮಾಡಲೇಬೇಕು. ಇಲ್ಲದಿದ್ದರೆ ತಡವಾದ ಉತ್ತರ ಪಟ್ಟಿಯನ್ನು ಮುಟ್ಟುವ ಮೊದಲೇ ಪರೀಕ್ಷೆ ಮುಗಿದಿರುತ್ತದೆ, ತಪ್ಪು ಕೋಡ್‌ಗೂ ಹಸಿರು ಬೀಳುತ್ತದೆ. 'ಇಲ್ಲ' ಅನ್ನುವ ಪರೀಕ್ಷೆಗಳ ಮೇಲೆ ನನಗಂತೂ ಸದಾ ಅನುಮಾನ.

ಕೋಡ್‌ನಲ್ಲಿ ಪರಿಹಾರ ಎರಡು ಬಗೆ. ಪ್ರತಿ ಕರೆಗೂ ಕ್ರಮಸಂಖ್ಯೆ ಕೊಟ್ಟು, ಹಳೆಯ ಸಂಖ್ಯೆಯ ಉತ್ತರವನ್ನು ಬಿಸಾಡುವುದು ಒಂದು. ಇದು ಮಾಕ್ ಜೊತೆಗೂ ತಕರಾರಿಲ್ಲದೆ ನಡೆಯುತ್ತದೆ. ಇನ್ನೊಂದು ಅಬಾರ್ಟ್ ಕಂಟ್ರೋಲರ್, ಇದರಿಂದ ಹಳೆಯ ರಿಕ್ವೆಸ್ಟೇ ರದ್ದಾಗುತ್ತದೆ. ಬ್ರೌಸರ್‌ನಲ್ಲಿ ಚೆನ್ನಾಗಿ ನಡೆಯುವ ಈ ಕೋಡ್ ಟೆಸ್ಟ್‌ನಲ್ಲಿ ಸೋಲುತ್ತದೆ, ಯಾಕೆಂದರೆ ನಮ್ಮ ನಕಲಿ ಫೆಚ್ ಕಂಟ್ರೋಲರ್‌ನ ರದ್ದತಿ ಸಿಗ್ನಲ್ ಕಡೆಗೆ ತಿರುಗಿಯೂ ನೋಡುವುದಿಲ್ಲ. ಸಿಗ್ನಲ್‌ನ ಅಬಾರ್ಟ್ ಈವೆಂಟ್ ಕೇಳಿಸಿಕೊಂಡು, ಅಬಾರ್ಟ್‌ಎರರ್ ಹೆಸರಿನ ಎರರ್‌ನೊಂದಿಗೆ ರಿಜೆಕ್ಟ್ ಆಗುವಂತೆ ಮಾಕ್ ಬರೆಯಿರಿ. ಕೋಡ್‌ನಲ್ಲಿ ಎರರ್ ಹಿಡಿಯುವ ಕ್ಯಾಚ್ ಭಾಗದಲ್ಲಿ ಆ ಹೆಸರನ್ನು ನೋಡಿ ಸುಮ್ಮನಾಗಬೇಕು. ಇಲ್ಲವಾದರೆ ಹಳೆಯ ರಿಕ್ವೆಸ್ಟ್ ರದ್ದಾದಾಗಲೆಲ್ಲ ಬಳಕೆದಾರರಿಗೆ 'ನೆಟ್‌ವರ್ಕ್ ಇಲ್ಲ' ಅಂತ ಕಾಣುತ್ತದೆ.

ಬರೆದಾದ ಮೇಲೆ ಕ್ರಮಸಂಖ್ಯೆ ನೋಡುವ ಸಾಲನ್ನೋ ಅಬಾರ್ಟ್ ಕರೆಯುವ ಸಾಲನ್ನೋ ಕಾಮೆಂಟ್ ಮಾಡಿ (ಅಂದರೆ ಆ ಸಾಲು ಓಡದಂತೆ ಮಾಡಿ) ಟೆಸ್ಟ್ ಓಡಿಸಿ. ಆಗಲೂ ಹಸಿರೇ ಇದ್ದರೆ ಆ 0 ಕೊಟ್ಟ ಅವೇಟ್ ಬಿಟ್ಟುಹೋಗಿದೆಯಾ ಅಂತ ಮೊದಲು ನೋಡಿ.