ಸ್ಟಾಪ್ ಬಟನ್ ಎನ್‌ಸಿ, ಲ್ಯಾಡರ್‌ನಲ್ಲಿ ಎನ್‌ಓ: ತಪ್ಪಾ ಸರಿನಾ?

ಪ್ರಶ್ನೆ: ಸರ್, ಸ್ಟಾಪ್ ಪುಶ್ ಬಟನ್ ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಒತ್ತದೇ ಇದ್ದಾಗ ಕರೆಂಟ್ ಹಾಯೋದು) ಇರ್ಬೇಕು ಅಂತೀರ, ಆದ್ರೆ ನೀವು ತೋರ್ಸಿದ ಪಿಎಲ್‌ಸಿ (ಮೆಷಿನ್ ನಡೆಸೋ ಕಂಪ್ಯೂಟರ್) ಪ್ರೋಗ್ರಾಮ್‌ನಲ್ಲಿ ಸ್ಟಾಪ್‌ಗೆ ಎನ್‌ಓ (ನಾರ್ಮಲಿ ಓಪನ್, ಒತ್ತಿದಾಗ ಮಾತ್ರ ಹಾಯೋದು) ಕಾಂಟ್ಯಾಕ್ಟ್ ಇದೆ. ಎನ್‌ಸಿ ಬಟನ್‌ಗೆ ಎನ್‌ಸಿ ಸಿಂಬಲ್ಲೇ ಅಲ್ವಾ ಹಾಕ್ಬೇಕು?

ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ಲೆಕ್ಕ ಇಲ್ಲ. ಡಿಪ್ಲೊಮಾ ಹುಡುಗ್ರು ಕೇಳ್ತಾರೆ, ಐಟಿಐ ಮುಗಿಸಿ ಪೀಣ್ಯದಲ್ಲಿ ಪ್ಯಾನಲ್ ವೈರಿಂಗ್ ಮಾಡೋರು ಕೇಳ್ತಾರೆ, ಹತ್ತು ವರ್ಷದಿಂದ ಮೇಂಟೆನೆನ್ಸ್‌ನಲ್ಲಿ ಇರೋರೂ ಕೇಳ್ತಾರೆ, ಹಾಗಾಗಿ ಇವತ್ತು ಒಂದ್ಸಲ ಕೂತು ಪೂರ್ತಿ ಬರೀತೀನಿ. ಉತ್ತರ ಬೇಕಾದೋರಿಗೆ ಮೊದ್ಲೇ ಹೇಳ್ಬಿಡ್ತೀನಿ: ತಪ್ಪಲ್ಲ, ಹಾಗೇ ಹಾಕ್ಬೇಕು.

ಗೊಂದಲದ ಬೇರು ಒಂದೇ, ಲ್ಯಾಡರ್ (ಏಣಿ ಥರ ಗೆರೆ ಎಳೆದು ಬರೆಯೋ ಪಿಎಲ್‌ಸಿ ಪ್ರೋಗ್ರಾಮ್) ಅಂದ್ರೆ ವೈರಿಂಗ್ ಡಯಾಗ್ರಮ್ ಅನ್ನೋ ನಂಬಿಕೆ. ಅದು ವೈರಿಂಗ್ ಅಲ್ಲ. ಊರಲ್ಲಿ ಬೋರ್ ಮೋಟರ್ ಸ್ಟಾರ್ಟರ್ ಮುಚ್ಚಳ ತೆಗೆದು ನೋಡಿರ್ತೀರಲ್ಲ, ಅಲ್ಲಿ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡೋ ಸ್ವಿಚ್) ಕಾಯಿಲ್‌ಗೆ ಹೋಗೋ ಸಪ್ಲೈ ಕೆಂಪು ಬಟನ್ ಮೂಲಕನೇ ಹೋಗತ್ತೆ, ಒತ್ತಿದ ತಕ್ಷಣ ಅದು ನಿಜವಾಗ್ಲೂ ಕಟ್ ಆಗತ್ತೆ, ಕಾಯಿಲ್ ಬೀಳತ್ತೆ, ಮೋಟರ್ ನಿಲ್ಲತ್ತೆ. ಪಿಎಲ್‌ಸಿಯಲ್ಲಿ ಬಟನ್‌ಗೂ ಕಾಯಿಲ್‌ಗೂ ನಡುವೆ ವೈರೇ ಇಲ್ಲ. ಬಟನ್ನಿಂದ ಬಂದ ವೈರ್ ಇನ್‌ಪುಟ್ ಟರ್ಮಿನಲ್‌ಗೆ ಬಂದು ಅಲ್ಲೇ ಮುಗೀತು. ಕಾಂಟ್ಯಾಕ್ಟರ್‌ಗೆ ಹೋಗೋದು ಔಟ್‌ಪುಟ್‌ನಿಂದ ಶುರುವಾಗೋ ಬೇರೆ ವೈರ್.

ನಡುವೆ ಏನಾಗತ್ತೆ ಅಂದ್ರೆ, ಪಿಎಲ್‌ಸಿ ಮೊದಲು ಎಲ್ಲಾ ಇನ್‌ಪುಟ್‌ಗಳನ್ನ ಒಂದು ಸಲ ನೋಡತ್ತೆ. ಸಾಮಾನ್ಯ 24 ವೋಲ್ಟ್ ಡಿಸಿ ಇನ್‌ಪುಟ್ ಆದ್ರೆ 15 ವೋಲ್ಟ್‌ಗಿಂತ ಮೇಲಿದ್ರೆ 1, 5ಕ್ಕಿಂತ ಕೆಳಗಿದ್ರೆ 0 ಅಂತ ಮೆಮೊರಿಯಲ್ಲಿ ಬರ್ಕೊಳ್ಳತ್ತೆ. ಆಮೇಲೆ ನಿಮ್ಮ ಪ್ರೋಗ್ರಾಮ್‌ನ ಮೇಲಿಂದ ಕೆಳಗೆ ಓದತ್ತೆ, ಆಗ ಅದು ನೋಡೋದು ಬಟನ್ ಅಲ್ಲ, ಬರ್ಕೊಂಡಿರೋ ಆ 1 ಅಥವಾ 0, ಅದಕ್ಕೇ ಬಿಟ್ ಅನ್ನೋದು. ಕೊನೆಗೆ ಔಟ್‌ಪುಟ್ ಬದಲಾಯಿಸಿ ಮತ್ತೆ ಮೊದಲಿಂದ ಶುರು. ಕೆಲವೇ ಮಿಲಿಸೆಕೆಂಡಿಗೆ ಒಂದು ಸುತ್ತು, ಇದನ್ನೇ ಸ್ಕ್ಯಾನ್ ಅನ್ನೋದು. ಪಿಎಲ್‌ಸಿ ಬೇಸಿಕ್ಸ್ ಅಂದ್ರೆ ಮುಖ್ಯವಾಗಿ ಇದೇ.

ಈಗ ಸಿಂಬಲ್‌ಗೆ ಬನ್ನಿ. ಎರಡು ನಿಂತ ಗೆರೆ ಇರೋ ಕಾಂಟ್ಯಾಕ್ಟ್ (ಇದೇ ಎನ್‌ಓ ಸಿಂಬಲ್) ಕೇಳೋದು "ಈ ಬಿಟ್ 1 ಇದೆಯಾ?" ಅಂತ, ನಡುವೆ ಓರೆ ಗೆರೆ ಇದ್ರೆ (ಇದು ಎನ್‌ಸಿ ಸಿಂಬಲ್) "ಈ ಬಿಟ್ 0 ಇದೆಯಾ?" ಅಂತ. ಅಷ್ಟೇ. ಹೊರಗಡೆ ಎನ್‌ಓ ಬಟನ್ ಇದೆಯೋ ಎನ್‌ಸಿ ಇದೆಯೋ ಆ ಸಿಂಬಲ್‌ಗೆ ಗೊತ್ತೂ ಇಲ್ಲ, ಬೇಕಾಗೂ ಇಲ್ಲ. ಎನ್‌ಸಿ ಸ್ಟಾಪ್ ಬಟನ್ ಯಾರೂ ಒತ್ತದೇ ಇದ್ದಾಗ ಕ್ಲೋಸ್ ಇರತ್ತೆ, 24 ವೋಲ್ಟ್ ಬರ್ತಿರತ್ತೆ, ಇನ್‌ಪುಟ್ ಎಲ್‌ಇಡಿ ಉರೀತಿರತ್ತೆ, ಬಿಟ್ 1. ಮೋಟರ್ ಓಡೋಕೆ ಬಿಡಬೇಕಾಗಿರೋದು ಈ ಸ್ಥಿತಿಯಲ್ಲೇ ತಾನೇ? ಹಾಗಾದ್ರೆ "1 ಇದೆಯಾ" ಅಂತ ಕೇಳೋ ಕಾಂಟ್ಯಾಕ್ಟೇ ಹಾಕ್ಬೇಕು. ಒತ್ತಿದ್ರೆ 0, ಕಾಯಿಲ್ ಬಿತ್ತು.

ಈ ತಪ್ಪು ತಿಳುವಳಿಕೆಗೆ ಒಂದು ಇತಿಹಾಸ ಇದೆ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗದವರು ರಿಲೇ (ಕಾಯಿಲ್‌ನಿಂದ ನಡೆಯೋ ಸ್ವಿಚ್) ಪ್ಯಾನಲ್‌ಗಳಿಗೆ ಬದಲಿ ಏನಾದ್ರೂ ಬೇಕು ಅಂತ ಕೇಳಿದ್ರು, ಯಾಕಂದ್ರೆ ಕಾರಿನ ಮಾಡೆಲ್ ಬದಲಾದಾಗೆಲ್ಲ ಪ್ಯಾನಲ್ ಬಿಚ್ಚಿ ಹೊಸದಾಗಿ ವೈರಿಂಗ್ ಮಾಡ್ಬೇಕಿತ್ತು. ಡಿಕ್ ಮಾರ್ಲಿ ಮತ್ತು ಅವರ ತಂಡ ಮೊಡಿಕಾನ್ 084 ಅನ್ನೋ ಪಿಎಲ್‌ಸಿ ಮಾಡಿಕೊಟ್ರು, ಅದು ಅವರ 84ನೇ ಪ್ರಾಜೆಕ್ಟ್, ಹೆಸರು ಬಂದಿದ್ದು ಅದಕ್ಕೇ. ಫ್ಯಾಕ್ಟರಿ ಎಲೆಕ್ಟ್ರಿಷಿಯನ್‌ಗಳಿಗೆ ಓದೋಕೆ ಬರ್ತಿದ್ದಿದ್ದು ರಿಲೇ ಡ್ರಾಯಿಂಗ್, ಹಾಗಾಗಿ ಪ್ರೋಗ್ರಾಮ್ ಕೂಡ ಅದೇ ಥರ ಕಾಣೋ ಹಾಗೆ ಮಾಡಿದ್ರು. ಅವರಿಗೆ ಅದು ದೊಡ್ಡ ಉಪಕಾರ ಆಯ್ತು, ನಮ್ಮ ಹುಡುಗ್ರು ಮಾತ್ರ ಚಿತ್ರ ನೋಡಿ ವೈರ್ ಅನ್ಕೊಂಡ್ರು.

ನನಗೆ ಬೇಜಾರಾಗೋದು ಗೊಂದಲಕ್ಕಲ್ಲ, ಅದು ಎಲ್ಲಿಗೆ ಹೋಗಿ ಮುಟ್ಟತ್ತೆ ಅನ್ನೋದಕ್ಕೆ. ಹುಡುಗ ಸಿಮ್ಯುಲೇಟರ್‌ನಲ್ಲಿ ಪ್ರೋಗ್ರಾಮ್ ಬರೀತಾನೆ, ಅಲ್ಲಿ ಎಲ್ಲಾ ಇನ್‌ಪುಟ್ ಶುರುವಿಗೆ 0, ಸ್ಟಾಪ್ ಬಿಟ್‌ನ ಕೈಯಲ್ಲಿ 1 ಮಾಡ್ಬೇಕು ಅಂತ ಹೊಳೆಯಲ್ಲ. ಮೋಟರ್ ಸ್ಟಾರ್ಟ್ ಆಗಲ್ಲ. ಓರೆ ಗೆರೆ ಸಿಂಬಲ್ ಹಾಕ್ತಾನೆ, ಓಡತ್ತೆ, ಖುಷಿ. ಅದೇ ಪ್ರೋಗ್ರಾಮ್ ಪ್ಯಾನಲ್‌ಗೆ ಹಾಕಿದ್ರೆ ಎನ್‌ಸಿ ಬಟನ್ ಇರೋದ್ರಿಂದ ಮತ್ತೆ ಸ್ಟಾರ್ಟ್ ಆಗಲ್ಲ, ಆಗ ಪ್ರೋಗ್ರಾಮ್ ಸರಿ ಮಾಡೋದು ಬಿಟ್ಟು ಸ್ಕ್ರೂ ಡ್ರೈವರ್ ತಗೊಂಡು ಬಟನ್ ಹಿಂದಿನ ಕೆಂಪು ಬ್ಲಾಕ್ ತೆಗೆದು ಹಸಿರು ಬ್ಲಾಕ್ ಹಾಕ್ತಾನೆ. ಎನ್‌ಸಿ ಹೋಗಿ ಎನ್‌ಓ ಆಯ್ತು. ಸ್ಟಾರ್ಟ್ ಆಗತ್ತೆ, ಸ್ಟಾಪ್ ಕೂಡ ಆಗತ್ತೆ, ಸೈನ್ ಹಾಕಿಸ್ಕೊಂಡು ಹೋಗ್ತಾನೆ. ವೈರ್ ಗಟ್ಟಿಯಾಗಿ ಇರೋವರೆಗೂ ಯಾರಿಗೂ ಏನೂ ಗೊತ್ತಾಗಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಪ್ಯಾಕಿಂಗ್ ಲೈನ್‌ನಲ್ಲಿ ಇದನ್ನ ಕಣ್ಣಾರೆ ನೋಡಿದೀನಿ. ಮೂಟೆ ಸಿಕ್ಕಾಕೊಂಡ್ತು ಅಂತ ಆಪರೇಟರ್ ಸ್ಟಾಪ್ ಒತ್ತಿದ್ರು, ಕನ್ವೇಯರ್ ನಿಲ್ಲಲಿಲ್ಲ, ಮತ್ತೆ ಮತ್ತೆ ಒತ್ತಿದ್ರು, ನಿಲ್ಲಲಿಲ್ಲ, ಕೊನೆಗೆ ಇನ್ನೊಬ್ರು ಓಡಿ ಹೋಗಿ ಪ್ಯಾನಲ್‌ನ ಮೇನ್ ಆಫ್ ಮಾಡಿದ್ರು. ಬೆಲ್ಟ್ ಅಂಚು ಹರಿದಿತ್ತು, ಯಾರಿಗೂ ಏಟಾಗಿರಲಿಲ್ಲ. ಬಟನ್ ಬಾಕ್ಸ್ ಬಿಚ್ಚಿದ್ರೆ ಒಳಗೆ ಹಸಿರು ಬ್ಲಾಕು, ವೈಬ್ರೇಷನ್‌ಗೆ ಸ್ಕ್ರೂ ಸಡಿಲ ಆಗಿ ವೈರ್ ಹೊರಗೆ ಬಂದು ನೇತಾಡ್ತಿತ್ತು. ಬಿಟ್ ಯಾವಾಗಲೂ 0, ಅಂದ್ರೆ ಪಿಎಲ್‌ಸಿ ಲೆಕ್ಕದಲ್ಲಿ ಸ್ಟಾಪ್ ಒತ್ತೇ ಇಲ್ಲ. ಎನ್‌ಸಿ ಇದ್ದಿದ್ರೆ ವೈರ್ ಬಿಚ್ಚಿದ ಕ್ಷಣಕ್ಕೇ ಲೈನ್ ನಿಂತಿರೋದು, ಪ್ರೊಡಕ್ಷನ್‌ನವರು ಬೈಕೊಂಡು ಮೇಂಟೆನೆನ್ಸ್ ಕರೀತಿದ್ರು, ಅಲ್ಲಿಗೆ ಮುಗೀತಿತ್ತು.

ಕೇಳಿಲ್ಲ ಅಂದ್ರೂ ಇನ್ನೊಂದು ಹೇಳ್ಲೇಬೇಕು, ಎಮರ್ಜೆನ್ಸಿ ಸ್ಟಾಪ್. ಅದನ್ನೂ ಎನ್‌ಸಿ ಮಾಡಿ ಮಾಮೂಲಿ ಪಿಎಲ್‌ಸಿ ಇನ್‌ಪುಟ್‌ಗೆ ಕೊಟ್ಟು ಕೈ ತೊಳ್ಕೊಳ್ಳೋರು ಇದಾರೆ. ಸಾಲಲ್ಲ. ಔಟ್‌ಪುಟ್ ರಿಲೇ ಕಾಂಟ್ಯಾಕ್ಟ್ ವೆಲ್ಡ್ ಆಗಿ ಅಂಟಿಕೊಂಡ್ರೆ ಪ್ರೋಗ್ರಾಮ್ ಎಷ್ಟೇ 0 ಅಂದ್ರೂ ಕಾಯಿಲ್ ಬೀಳಲ್ಲ. ಎಮರ್ಜೆನ್ಸಿ ಸ್ಟಾಪ್ ಸೇಫ್ಟಿ ರಿಲೇ ಮೂಲಕ ಕಾಂಟ್ಯಾಕ್ಟರ್ ಕಾಯಿಲ್ ಸಪ್ಲೈಯನ್ನೇ ಕತ್ತರಿಸ್ಬೇಕು, ಪಿಎಲ್‌ಸಿಗೆ ಒಂದು ಕಾಂಟ್ಯಾಕ್ಟ್ ಕೊಡೋದು "ಒತ್ತಿದಾರೆ" ಅಂತ ಗೊತ್ತಾಗ್ಲಿ ಅಂತ ಮಾತ್ರ. ಇಲ್ಲಾಂದ್ರೆ ಅದಕ್ಕೇ ಅಂತ ಇರೋ ಸೇಫ್ಟಿ ಪಿಎಲ್‌ಸಿ ಹಾಕ್ಬೇಕು. ಬಟನ್ ತಿರುಗಿಸಿ ಬಿಟ್ಟ ತಕ್ಷಣ ಮೆಷಿನ್ ತಾನಾಗೇ ಓಡೋಕೆ ಶುರು ಮಾಡ್ಬಾರ್ದು, ರಿಸೆಟ್ ಮಾಡಿ ಮತ್ತೆ ಸ್ಟಾರ್ಟ್ ಒತ್ತಿದ ಮೇಲೇ ಓಡ್ಬೇಕು.

ನಿಮ್ಮ ಮೆಷಿನ್ ಹೇಗಿದೆ ಅಂತ ನೋಡೋಕೆ ಐದು ನಿಮಿಷ ಸಾಕು. ಶಿಫ್ಟ್ ಮಧ್ಯೆ ಬೇಡ, ಲೈನ್ ಖಾಲಿ ಇದ್ದಾಗ, ಬೆಲ್ಟ್ ಹತ್ರ ಯಾರೂ ಇಲ್ಲ ಅಂತ ನೋಡ್ಕೊಂಡು, ಮೇನ್ ಹತ್ರ ಒಬ್ರನ್ನ ನಿಲ್ಸಿ. ಮೇನ್ ಆಫ್ ಮಾಡಿ ಸ್ಟಾಪ್ ಬಟನ್ನಿನ ವೈರ್‌ನ ಟರ್ಮಿನಲ್‌ನಿಂದ ತೆಗೀರಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಆನ್ ಮಾಡಿ ಸ್ಟಾರ್ಟ್ ಒತ್ತಿ. ಮೋಟರ್ ಸ್ಟಾರ್ಟ್ ಆಗ್ಲೇಬಾರ್ದು. ಆಯ್ತು ಅಂದ್ರೆ ಮೇನ್ ಆಫ್ ಮಾಡಿಸಿ ಬಟನ್ ಬಾಕ್ಸ್ ಬಿಚ್ಚಿ ನೋಡಿ, ಯಾವ ಬಣ್ಣದ ಬ್ಲಾಕ್ ಇದೆ ಅಂತ.